ಇ 250ರ ಪಕ್ಕದ ಅಕ್ಷರ ನೋಡಿ

ನಂದಿ ಬೆಟ್ಟದ ಡಿಸೆಂಬರ್ ಚಳಿಗೆ ಕಬ್ಬಿಣ ಮುರಿಯುವುದಿಲ್ಲ. ಮುರಿಯುವಂಥ ಚಳಿಯನ್ನು ನಮ್ಮ ಜಿಲ್ಲೆಯಲ್ಲಿ ನಾವೇ ಕೋಲ್ಡ್ ಸ್ಟೋರೇಜಿನ ಗೋಡೆಯೊಳಗೆ ಕಟ್ಟಿಕೊಳ್ಳುತ್ತೇವೆ. ಚಿಂತಾಮಣಿ ಟೊಮೆಟೊಗೆ ಹತ್ತು ಡಿಗ್ರಿ ಆಸುಪಾಸು ಸಾಕು, ಶಿಡ್ಲಘಟ್ಟದವರ ರೇಷ್ಮೆ ಮೊಟ್ಟೆಗೆ ಐದು. ಅಲ್ಲಿ ಮಾಮೂಲಿ ಕಬ್ಬಿಣ ನಡೆಯುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಇಡಲು ಸೊನ್ನೆಗೆ ಇಳಿಸಿದಾಗ ಯೋಚಿಸಬೇಕು, ಮೈನಸ್ 20ಕ್ಕೆ ಇಳಿಸಿದರೆ ಹುಷಾರಾಗಿರಬೇಕು.

ಹೋದ ವಾರ ಗೌರಿಬಿದನೂರು ರಸ್ತೆಯ ವೆಲ್ಡಿಂಗ್ ಶಾಪೊಂದರಲ್ಲಿ ಮುರಿದ ಆಂಗಲ್ ತುಂಡೊಂದು ಕೈಗೆ ಬಂತು. ಮೈನಸ್ 20ರ ಕೋಣೆಯಲ್ಲಿ ಫ್ಯಾನ್ ಹೊತ್ತಿದ್ದದ್ದು. ಚೂರೂ ಬಾಗಿರಲಿಲ್ಲ, ವೆಲ್ಡಿಂಗ್ ಅಂಚಿನಿಂದ ನೇರ ಸೀಳಿತ್ತು. ಮುರಿದ ಮೈ ಕಲ್ಲುಸಕ್ಕರೆಯ ಹಾಗೆ ಫಳಫಳ. ಜಗ್ಗಿ ಹರಿದಿದ್ದರೆ ಮಂಕಾಗಿ, ನಾರುನಾರಾಗಿ ಇರುತ್ತಿತ್ತು.

"ಇನ್ನೂ ದಪ್ಪದ್ದು ಹಾಕಬೇಕಿತ್ತೇನಣ್ಣಾ?" ಅಂದ ಶಾಪಿನ ಹುಡುಗ. ಇಲ್ಲ. ದಪ್ಪವಾದಷ್ಟೂ ಹೀಗೆ ಬಾಗದೆ ಸೀಳುವ ಅಪಾಯ ಹೆಚ್ಚು.

ಹೀಗೇ 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಷೆನೆಕ್ಟಡಿ ಎಂಬ ಹೊಸ ಹಡಗು ಅಲೆಯೇ ಇಲ್ಲದ ನೀರಿನಲ್ಲಿ ನಿಂತಲ್ಲೇ ನಡು ಮುರಿದುಕೊಂಡಿತು. ಆ ಕಾಲದ ಹಡಗುಗಳ ಉಕ್ಕು ಚಳಿಗೆ ಪೆಡಸಾಗುತ್ತಿತ್ತೆಂದು ತೋರಿಸಿದವರು ಕೇಂಬ್ರಿಡ್ಜ್‌ನ ಕಾನ್ಸ್‌ಟನ್ಸ್ ಟಿಪ್ಪರ್. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ವೆಲ್ಡ್ ಮಾಡಿದ್ದರಲ್ಲಿ ಅದಕ್ಕೆ ತಡೆಯೇ ಇರಲಿಲ್ಲ.

ಉಕ್ಕಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 2062ರಲ್ಲಿ ಇ 250 ಅಂದರೆ ಬಲದ ಲೆಕ್ಕ. ಚಳಿಯ ಲೆಕ್ಕ ಅದರ ಪಕ್ಕದ ಅಕ್ಷರದಲ್ಲಿದೆ. 'ಎ'ಗೆ ಪೆಟ್ಟಿನ ಪರೀಕ್ಷೆ ಕಡ್ಡಾಯವಲ್ಲ. 'ಬಿಆರ್' ಅನ್ನು ಕೇಳಿದರೆ ಮಾತ್ರ ಕೋಣೆಯ ಉಷ್ಣತೆಯಲ್ಲಿ, 'ಬಿ0' ಅನ್ನು ಸೊನ್ನೆಯಲ್ಲಿ, 'ಸಿ'ಯನ್ನು ಮೈನಸ್ 20ರಲ್ಲಿ ಹೊಡೆದು ನೋಡುತ್ತಾರೆ. 27 ಜೂಲ್ ತಾಳಬೇಕು.

ಹಾಗಂತ ಇಡೀ ಶೆಡ್ಡಿಗೆ 'ಸಿ' ಬೇಡ, ದುಡ್ಡು ದಂಡ. ಕಂಬ, ತೊಲೆಗಳನ್ನು ಇನ್ಸುಲೇಷನ್ ಪ್ಯಾನೆಲ್ಲಿನ ಹೊರಗೆ ನಿಲ್ಲಿಸಿ. ಅವಕ್ಕೆ ಊರಿನ ಹವೆಯಷ್ಟೇ ಚಳಿ, 'ಬಿಆರ್' ಧಾರಾಳ ಸಾಕು. ಮೈನಸ್ 20ರ ಕೋಣೆಯಲ್ಲಿ ತಣ್ಣಗಾಗುವ ರ‍್ಯಾಕು, ಫ್ಯಾನಿನ ಆಧಾರಗಳಿಗಷ್ಟೇ 'ಸಿ' ಹಾಕಿ. ನಮ್ಮೂರ ಅಂಗಡಿಯಲ್ಲಿ ಇಲ್ಲದಿದ್ದರೆ ಬೆಂಗಳೂರಿನಿಂದ ತರಿಸಿ. ಉಳಿದ ದುಡ್ಡಿನಲ್ಲಿ 6013 ಬಿಟ್ಟು 7018 ವೆಲ್ಡಿಂಗ್ ರಾಡ್ ಕೊಳ್ಳಿ, ಓವನ್ನಿನಲ್ಲಿ ಒಣಗಿಸಿ ಬಿಸಿಯಿದ್ದಾಗಲೇ ಬಳಸಿ. ತೇವ ಹೀರಿದ ರಾಡು ಒಳ್ಳೆಯ ಉಕ್ಕನ್ನೂ ಕೆಡಿಸುತ್ತದೆ.

ಲೋಡ್ ಇಳಿಸಿಕೊಳ್ಳುವ ಮುಂಚೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದರಲ್ಲಿರುವ ಹೀಟ್ ನಂಬರ್ ಕಬ್ಬಿಣದ ಮೇಲಿನದಕ್ಕೆ ತಾಳೆಯಾಗಬೇಕು. ಇಂಪ್ಯಾಕ್ಟ್, ಅಂದರೆ ಪೆಟ್ಟಿನ ಪರೀಕ್ಷೆಯ ಜಾಗ ಖಾಲಿಯಿದ್ದರೆ ಆ ಮಾಲನ್ನು ಮೈನಸ್ ಕೋಣೆಯೊಳಗೆ ಬಿಡಬೇಡಿ.