ಮೂರು ಫಲಕಗಳಲ್ಲಿ ಹಂಪಿ

ಮತಂಗ ಬೆಟ್ಟದ ತುದಿಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಎಡಕ್ಕೆ ವಿರೂಪಾಕ್ಷ ಗೋಪುರ, ನಡುವೆ ಬಂಡೆಗಳಾಚೆ ತುಂಗಭದ್ರೆ, ಬಲಕ್ಕೆ ಅಚ್ಯುತರಾಯ ದೇವಾಲಯ. ಈ ನೋಟ ತಾನಾಗಿಯೇ ಮೂರು ಫಲಕಗಳನ್ನು ಬೇಡುತ್ತದೆ. ಅದರ ಫೋಟೊವನ್ನು ಹಾಗೆ ಸೀಳುವುದನ್ನು ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲೇ ಮಾಡಬಹುದು.

6000 ಪಿಕ್ಸೆಲ್ ಅಗಲದ ಚಿತ್ರವನ್ನು ಸಮನಾಗಿ ಮೂರಾಗಿ ಸೀಳಿ, ನಡುವೆ ಅಂತರ ಬಿಟ್ಟು ತೂಗುಹಾಕಿದರೆ ಬೆಟ್ಟದ ಇಳಿಜಾರು ಪ್ರತಿ ಸಂದಿಯಲ್ಲೂ ಮುರಿಯುತ್ತದೆ. ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ. ಕೈಪಳಗಿದವರು ಸಂದಿಗೂ ಚಿತ್ರದಲ್ಲಿ ಪಾಲು ಕೊಡುತ್ತಾರೆ. ಈ ಕಲೆಯ ಜೀವ ಇರುವುದೇ ಅಲ್ಲಿ. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸುವುದಾದರೆ ಒಂದಿಂಚಿನ ಸಂದಿಗೆ 300 ಪಿಕ್ಸೆಲ್. ಹಾಗಾಗಿ ಸೀಳುವ ಜಾಗ ತೋರುವ ಗೈಡ್ ಗೆರೆಗಳು 1800, 2100, 3900, 4200ರಲ್ಲಿ ನಿಲ್ಲುತ್ತವೆ. ಗೆರೆಗುಂಟ ಸೀಳಿದರೆ ಐದು ತುಂಡು. ಎರಡು ಸಪೂರ ಪಟ್ಟಿಗಳನ್ನು ಕೈಬಿಟ್ಟರೆ ಆರಾರು ಇಂಚು ಅಗಲದ ಮೂರು ಫಲಕ. ಕಿಟಕಿಯ ಸರಳುಗಳಾಚೆ ಬಯಲು ಹರಿದಂತೆ, ಬೆಟ್ಟದ ಗೆರೆ ಸಂದಿಯ ಹಿಂದೆ ಹಾದು ಮುಂದಿನ ಫಲಕದಲ್ಲಿ ಸರಿಯಾದ ಎತ್ತರದಲ್ಲೇ ಏಳುತ್ತದೆ. ಎಷ್ಟು ಸಲ ನೋಡಿದರೂ ಅದು ನನಗೆ ಖುಷಿ ಕೊಡುತ್ತದೆ.

ಗೋಪುರ ಮಾತ್ರ ಆ ಪಟ್ಟಿಗೆ ಸಿಗಬಾರದು. ಸಿಗುವಂತಿದ್ದರೆ ಮೊದಲೇ ಚಿತ್ರದ ಅಂಚನ್ನು ಬೇರೆ ಕಡೆ ಕತ್ತರಿಸಿಕೊಳ್ಳಬೇಕು. ಬಣ್ಣ, ಬೆಳಕಿನ ತಿದ್ದುಪಡಿಯೂ ಸೀಳುವ ಮುಂಚೆಯೇ ಮುಗಿಯಬೇಕು. ಆಮೇಲೆ ಒಂದೊಂದನ್ನೇ ಮುಟ್ಟಿದರೆ ಒಂದು ಆಕಾಶ ಮೂರಾಗುತ್ತದೆ.