ಕತೆಯಿಲ್ಲದ ದೀರ್ಘಕಾವ್ಯ

ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ವನ್ನು ಉತ್ಸಾಹದಿಂದ ಕೈಗೆತ್ತಿಕೊಂಡವರು ಒಂದಷ್ಟು ಪುಟಗಳಾದ ಮೇಲೆ ಕೇಳುವ ಪ್ರಶ್ನೆ ಒಂದೇ: ಕತೆ ಎಲ್ಲಿ, ನಾಯಕ ಯಾರು? ಎರಡೂ ಅದರಲ್ಲಿಲ್ಲ. 2010ರಲ್ಲಿ ಬಂದ ಈ ದಪ್ಪ ಪುಸ್ತಕ ತುಣುಕು ತುಣುಕಾಗಿಯೇ ಸಾಗುತ್ತದೆ. ತಲುಪಬೇಕಾದ ಊರಿಲ್ಲ, ನಡಿಗೆ ಮಾತ್ರ ನಿಲ್ಲುವುದಿಲ್ಲ.

ಗಮಕ ಕೇಳಿ ಬೆಳೆದವರಿಗೆ ಇದು ತೀರಾ ಅಪರಿಚಿತವಲ್ಲ. ಕುಮಾರವ್ಯಾಸನ ಯಾವ ಸಂಧಿಯನ್ನೇ ಎತ್ತಿಕೊಳ್ಳಲಿ, ಮುಂದೇನಾಯಿತೆಂದು ಯಾರೂ ಕೇಳುವುದಿಲ್ಲ. ಕತೆ ಎಲ್ಲರಿಗೂ ಗೊತ್ತು. ನಾವು ಕಾಯುವುದು ಮುಂದಿನ ಪದಕ್ಕೆ. ತಿರುಮಲೇಶರು ಕತೆಯನ್ನೇ ಕೈಬಿಟ್ಟು ಆ ಕಾಯುವಿಕೆಯೊಂದನ್ನೇ ನೆಚ್ಚಿಕೊಂಡರು. ಎಂಥ ಧೈರ್ಯ!

ಕಾಯುವಿಕೆ ಹುಟ್ಟುವುದು ಸಾಲು ಮುರಿಯುವಲ್ಲಿ. ಷಟ್ಪದಿಯಲ್ಲೂ ಸಾಲಿನ ಕೊನೆಗೆ ಪದ ಎರಡಾಗುತ್ತದೆ, ಆದರೆ ಅಲ್ಲಿ ಮಾತ್ರೆಯ ಲೆಕ್ಕ, ಪ್ರಾಸದ ಒತ್ತಾಯ ಇರುತ್ತವೆ. ಮುಕ್ತಛಂದಸ್ಸಿನಲ್ಲಿ ಎಲ್ಲಿ ಮುರಿಯಬೇಕೆಂಬುದು ಕವಿಯ ಹೊಣೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ, ಹೌದೋ ಅಲ್ಲವೋ ಎಂಬುದು ತಿಳಿಯುವುದೂ ಆಗಲೇ. ಮನೆಮಾತಿನ ಒಂದು ವಾಕ್ಯ ನೋಡಿ: ‘ಬಾಗಿಲು ತೆರೆದೇ’ ಎಂದು ಸಾಲು ಮುಗಿದರೆ ನಾವು ಆಗಲೇ ಹೊಸ್ತಿಲು ದಾಟಿರುತ್ತೇವೆ. ಮುಂದಿನ ಸಾಲು ‘ಇರಲಿಲ್ಲ’ ಎಂದರೆ? ಒಂದೇ ಉಸಿರಿನಲ್ಲಿ ಬಾಗಿಲು ತೆರೆದೂ ಇತ್ತು, ಮುಚ್ಚಿಯೂ ಇತ್ತು. ವಿರೋಧಾಭಾಸವನ್ನು ಅಲಂಕಾರವಾಗಿ ಮೇಲಿನಿಂದ ತೊಡಿಸಬೇಕಿಲ್ಲ, ನಮ್ಮ ವಾಕ್ಯದ ಒಡಲಲ್ಲೇ ಅದು ಇದೆ.

ಇದು ತಿರುಮಲೇಶರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರಬೇಕು? ಕಾಸರಗೋಡಿನ ಕಾರಡ್ಕದಲ್ಲಿ 1940ರಲ್ಲಿ ಹುಟ್ಟಿದ ಅವರು ಹೈದರಾಬಾದಿನಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ವ್ಯಾಕರಣದ ಒಳಹೊರಗು ಬಲ್ಲವರೇ ಅದನ್ನು ಇಷ್ಟು ನಿರಾಳವಾಗಿ ಸಡಿಲಿಸಬಲ್ಲರು. 1968ರ ‘ಮುಖವಾಡಗಳು’ ಸಂಕಲನದ ಕವಿ ಅಡಿಗರ ನವ್ಯದ ನೆರಳಲ್ಲಿದ್ದರು. ಅಲ್ಲಿಂದ ಇಲ್ಲಿಗೆ ಬಂದದ್ದು ದೊಡ್ಡ ದಾರಿಯೇ. 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಕೃತಿಗೇ. 2023ರಲ್ಲಿ ಅವರು ತೀರಿಕೊಂಡರು. ನಮ್ಮ ವಿಮರ್ಶೆ ಈ ಪುಸ್ತಕಕ್ಕೆ ಸಲ್ಲಬೇಕಾದ ಗಮನವನ್ನು ಇನ್ನೂ ಕೊಟ್ಟಿಲ್ಲವೆಂಬ ನೋವು ನನಗಿದೆ.

ಎಲ್ಲ ಪುಟಗಳೂ ಒಂದೇ ಎತ್ತರದಲ್ಲಿಲ್ಲ, ನಿಜ. ಕೆಲವೆಡೆ ಪಾಂಡಿತ್ಯ ಭಾರವಾಗುತ್ತದೆ. ಹಾಗಾಗಿ ಮೊದಲ ಪುಟದಿಂದಲೇ ಹೊರಡಬೇಕೆಂಬ ಹಟ ಬೇಡ. ನಡುವೆ ಎಲ್ಲಾದರೂ ತೆರೆಯಿರಿ. ಗಟ್ಟಿಯಾಗಿ ಓದಿ, ಸಾಲಿನ ಕೊನೆಯಲ್ಲಿ ಚೂರು ತಡೆದು ನಿಲ್ಲಿ. ಅರಿಯದ ಹೆಸರು ಎದುರಾದರೆ ನಿಘಂಟು ಹುಡುಕದೆ ದಾಟಿಬಿಡಿ. ಒಂದು ಸಲಕ್ಕೆ ನಾಲ್ಕೈದು ಪುಟ ಸಾಕು.