ನಂಬಿದವನಿಗೆ ಅನುಮಾನ ಇರಬಾರದೇ?

ವಿಜಯಪುರದಲ್ಲಿ ವಚನದ ಸಭೆ ನಡೆದರೆ ಒಂದು ಕಥೆ ಆಗಾಗ ಕಿವಿಗೆ ಬೀಳುತ್ತದೆ. ವಚನಗಳನ್ನು ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು ಅವುಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರಂತೆ. ಇದು ಅಚ್ಚಾದರೆ ನಮ್ಮ ಮತ ಯಾರಿಗೂ ಬೇಡವಾದೀತೆಂದು ಪಾದ್ರಿಗಳು ವಾಪಸು ಮಾಡಿದರಂತೆ. ಅವರ ವಚನಸಂಗ್ರಹ 'ವಚನಶಾಸ್ತ್ರಸಾರ' 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಹಳಕಟ್ಟಿಯವರು ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ಅಷ್ಟು ಇತಿಹಾಸ. ಪಾದ್ರಿಗಳು ಆಡಿದರೆನ್ನುವ ಮಾತು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಕಥೆಯ ಬೆನ್ನಿಗೇ ತೀರ್ಪು ಬರುತ್ತದೆ: ನಮ್ಮದು ಅನುಭಾವ, ಅವರದು ಬರೀ ನಂಬಿಕೆ. ಪ್ರಶ್ನೆ ಕೇಳದೆ ಒಪ್ಪಿಕೊಂಡರೆ ಮುಗಿಯಿತು, ಸ್ವರ್ಗ ಖಾತ್ರಿ.

ಚಪ್ಪಾಳೆ ಬೀಳುವ ತೀರ್ಪು ಇದು, ಆದರೆ ಎರಡೂ ಕಡೆ ತಪ್ಪು. ಮೊದಲು ಶರಣರ ಕಡೆಯೇ ನೋಡಿ. ಅವರ ಸಾಧನೆಯ ಆರು ಹಂತಗಳಾದ ಷಟ್‌ಸ್ಥಲದಲ್ಲಿ ಅನುಭಾವಭಕ್ತಿ ಬರುವುದು ನಾಲ್ಕನೆಯದಾದ ಪ್ರಾಣಲಿಂಗಿ ಸ್ಥಲದಲ್ಲಿ. ಅದಕ್ಕೂ ಮುಂಚೆ ಭಕ್ತನ ಶ್ರದ್ಧೆ, ಮಹೇಶನ ನಿಷ್ಠೆ, ಪ್ರಸಾದಿಯ ಅವಧಾನ ದಾಟಿ ಬರಬೇಕು. ಶ್ರದ್ಧೆಯನ್ನು ಕೀಳು ಮಾಡಿ ಅನುಭಾವವನ್ನು ಮೇಲೆತ್ತುವವರು ತಮ್ಮ ಮನೆಯ ಹೊಸ್ತಿಲನ್ನೇ ಕಿತ್ತು ಹಾಕುತ್ತಿದ್ದಾರೆ.

ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಕೋಲು ಹೊರುವವನನ್ನು ಹತ್ತಿರದಿಂದ ನೋಡಬೇಕು. ಕೋಲಿನ ಬುಡ ಸೊಂಟದ ಪಟ್ಟಿಯಲ್ಲಿ, ಕತ್ತು ಹಿಂದಕ್ಕೆ, ಕಣ್ಣು ತುದಿಯ ಮೇಲೆ. ಸಿದ್ಧೇಶ್ವರನ ಚರಿತ್ರೆಯಲ್ಲಿ ಯಾವ ಪವಾಡ ಒಪ್ಪುತ್ತೀ, ಯಾವುದು ಬಿಡುತ್ತೀ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಹೊತ್ತಿದ್ದಾನೆ, ಇಳಿಸುವುದಿಲ್ಲ. ಇನ್ನು ಕ್ರೈಸ್ತರ ಕಡೆ: ಸುವಾರ್ತೆಗಳು ಹೇಳುವ ನಂಬಿಕೆಯೂ ಇದೇ ಜಾತಿಯದು.

ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ತಂದೆ ಇದ್ದಾನೆ. ಮಗನಿಗೆ ಚಿಕ್ಕಂದಿನಿಂದ ಮೈಮೇಲೆ ಬರುವ ಕಾಯಿಲೆ. ಬೆಂಕಿ ನೀರೆನ್ನದೆ ಬೀಳುತ್ತಾನೆ, ಬಾಯಲ್ಲಿ ನೊರೆ. ಶಿಷ್ಯರ ಕೈಯಲ್ಲಿ ಏನೂ ಆಗಿಲ್ಲ, ಸುತ್ತ ಶಾಸ್ತ್ರಿಗಳ ವಾದ ನಡೆದಿದೆ. ಹುಡುಗ ನೆಲದಲ್ಲಿ ಒದ್ದಾಡುವಾಗ ವಾದ ಮಾಡುವ ಪಂಡಿತರು ಯಾವ ಊರಲ್ಲಿ ಇಲ್ಲ ಹೇಳಿ! ನಿನ್ನಿಂದ ಆಗುವುದಿದ್ದರೆ ಮಾಡು ಎಂದು ತಂದೆ ಅರೆಮನಸ್ಸಿನಲ್ಲೇ ಕೇಳುತ್ತಾನೆ. ನಂಬುವವನಿಗೆ ಎಲ್ಲ ಸಾಧ್ಯ ಎಂಬ ಉತ್ತರ ಬಂದಾಗ, ನಂಬಿದ್ದೇನೆ ಎಂದೂ ತನ್ನ ಅಪನಂಬಿಕೆಗೆ ನೀನೇ ಆಸರೆಯಾಗಬೇಕೆಂದೂ ಒಂದೇ ಉಸಿರಿನಲ್ಲಿ ಅಳುತ್ತಾನೆ. ಯೇಸು ಅವನನ್ನು ಗದರಿಸಲಿಲ್ಲ. ಅನುಮಾನ ತೀರಿಸಿಕೊಂಡು ಬಾ ಎನ್ನಲೂ ಇಲ್ಲ. ಮಗ ಎದ್ದು ನಿಂತ. ಅನುಮಾನ ಇದ್ದವನ ನಂಬಿಕೆಯೂ ನಂಬಿಕೆಯೇ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇನ್ನು ಕೃತಿ ಬೇಡ, ನಂಬಿಕೆ ಸಾಕು ಎಂಬ ಆಪಾದನೆ. ಕೃತಿಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನ ಪತ್ರಿಕೆ ಖಡಾಖಂಡಿತ ಹೇಳುತ್ತದೆ. 1522ರಲ್ಲಿ ಆ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿ ಹಳಿದ ಮಾರ್ಟಿನ್ ಲೂಥರ್ ಕೂಡ, ಅದೇ ವರ್ಷ ರೋಮಾಪುರದವರ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ, ನಂಬಿಕೆ ಸುಮ್ಮನೆ ಕೂರುವಂಥದ್ದಲ್ಲ, ಸದಾ ಒಳ್ಳೆಯದನ್ನು ಮಾಡುತ್ತಲೇ ಇರುವಂಥದ್ದು ಎಂದ. ಈ ಜಗಳದಲ್ಲಿ ಒಡೆದ ಕೆಥೊಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕೂತು ಇದೇ ವಿಷಯದಲ್ಲಿ ಒಮ್ಮತದ ಜಂಟಿ ಘೋಷಣೆಗೆ ಸಹಿ ಹಾಕಿದ್ದಾರೆ. ನಮ್ಮ ವೇದಿಕೆಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗೆಂದು ಕ್ರೈಸ್ತರು ಅಮಾಯಕರು, ಟೀಕಿಸುವವರೇ ತಪ್ಪಿತಸ್ಥರು ಎಂದರೆ ಅದೂ ಸುಳ್ಳು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಿತ್ತುಕೊಂಡದ್ದು ಇದೇ ವಿಜಯಪುರದ ಆದಿಲಶಾಹಿಯ ಕೈಯಿಂದ. ಅಲ್ಲಿ 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ, ನಡುವೆ ಕೆಲ ವರ್ಷ ಬಿಟ್ಟರೆ, 1812ರವರೆಗೂ ನಂಬಿಕೆಯನ್ನು ಸೆರೆಮನೆ ತೋರಿಸಿ ವಸೂಲು ಮಾಡಿತು. 'ಪ್ರಶ್ನೆ ಕೇಳದ ಮತ' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಇವತ್ತಿನ ಅಪಾಯ ಬೇರೆ. ಪ್ರಾರ್ಥನೆಯಿಂದ ರೋಗ ವಾಸಿಮಾಡುತ್ತೇವೆನ್ನುವ ಕೆಲವು ಕ್ರೈಸ್ತ ಸ್ವಸ್ಥತಾ ಕೂಟಗಳಲ್ಲಿ ನಂಬಿಕೆ ಎಂದರೆ ಹರಕೆ ಎಂದಾಗಿದೆ. ತಿಕೋಟಾ, ಬಬಲೇಶ್ವರದ ಕಡೆ ಬೋರಿಗೆ ನೀರು ಬಿದ್ದರೆ ಕಾಯಿ ಒಡೆಸುತ್ತೇನೆನ್ನುವ ದ್ರಾಕ್ಷಿ ಬೆಳೆಗಾರ ಕೊನೆಪಕ್ಷ ನೀರು ಬೀಳದಿದ್ದರೆ ತನ್ನನ್ನೇ ಹಳಿದುಕೊಳ್ಳುವುದಿಲ್ಲ. ಕೂಟದಲ್ಲಿ ರೋಗ ವಾಸಿಯಾಗದಿದ್ದರೆ ತಪ್ಪು ರೋಗಿಯದೇ: ನಿನ್ನ ನಂಬಿಕೆ ಸಾಲಲಿಲ್ಲ! ಈ ಲೆಕ್ಕ ಹಿಡಿದರೆ ಗೆತ್ಸೇಮನೆ ತೋಟದಲ್ಲಿ ಯೇಸುವಿನ ನಂಬಿಕೆಯೂ ಸಾಲಲಿಲ್ಲ ಎನ್ನಬೇಕು. ಸಂಕಟದ ಪಾತ್ರೆ ತಪ್ಪಲಿ ಎಂದು ಬೇಡಿದ, ತಪ್ಪಲಿಲ್ಲ, ಮರುದಿನ ಶಿಲುಬೆ. ಪೌಲನೂ ಶರೀರದ ಮುಳ್ಳು ಹೋಗಲೆಂದು ಮೂರು ಸಲ ಬೇಡಿದ, ಹೋಗಲಿಲ್ಲ. ಕೇಳಿದ್ದು ಸಿಗದಾಗಲೂ ಇಬ್ಬರೂ ಕೈಬಿಡಲಿಲ್ಲ. ಕ್ರೈಸ್ತ ನಂಬಿಕೆಯ ತಿರುಳಿರುವುದು ಅಲ್ಲಿ.

ಆದ್ದರಿಂದ ವಚನದ ವೇದಿಕೆಯವರಲ್ಲಿ ಒಂದು ಕೋರಿಕೆ: ಮುದ್ರಣಾಲಯದ ಕಥೆ ಹೇಳುವ ಮುಂಚೆ ಮಾರ್ಕನ ಆ ಒಂದು ಅಧ್ಯಾಯ ಓದಿ. ಚರ್ಚಿನ ಹಿರಿಯರಲ್ಲಿ ಇನ್ನೊಂದು: ಪ್ರಾರ್ಥನೆಗೆ ಬಂದವರಿಗೆ ಮಾತ್ರೆ ಬಿಡಿ ಎನ್ನುವ ಬೋಧಕ ಯಾರೇ ಇರಲಿ, ಅವನನ್ನು ಮೊದಲು ನೀವೇ ವೇದಿಕೆಯಿಂದ ಇಳಿಸಿ.